ಹಳದಿ ಕೊನೆಗೆ

ಮಾವನ ಕಣ್ಣಿಗೆ ಹಳದಿ ಬಣ್ಣ ಕಾಣುತ್ತಿಲ್ಲ ಎನ್ನುವುದು ಸೊಸೆಗೆ ಗೊತ್ತಾಗಿ ಕೆಲವು ತಿಂಗಳುಗಳೇ ಕಳೆದಿದ್ದವು. ಮಾವನಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವಳು ನೋಡಿಕೊಂಡಿದ್ದಳು.

ಬೇರೆ ಕೆಲಸದವರಾಗಿದ್ದರೆ ಇದು ದೊಡ್ಡ ಮಾತಾಗುತ್ತಿರಲಿಲ್ಲ. ಬಡಗಿಗೋ ಗುಮಾಸ್ತನಿಗೋ ಹಳದಿ ಕಾಣದಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಮಾವ ಗೋಂದಿನಲ್ಲಿ ಫೋಟೋ ಅಚ್ಚು ಹಾಕುವವರು. ಬೀದಿಯಲ್ಲಿ ಅವರಿಗೆ ಗೋಂದು ಮೇಷ್ಟ್ರು ಎಂದೇ ಹೆಸರು. ಹೊಸದಾಗಿ ಬಂದ ಅಂಚೆಯವನು ಇವರು ಗೋಂದಿನ ವ್ಯಾಪಾರಿ ಎಂದು ತಿಳಿದು, ಬಾಯಿಬಿಟ್ಟುಕೊಂಡಿದ್ದ ಒಂದು ಲಕೋಟೆ ಮುಂದೆ ಹಿಡಿದು ಸ್ವಲ್ಪ ಹಚ್ಚಿಕೊಡಿ ಎಂದಿದ್ದನಂತೆ. ಮೇಷ್ಟ್ರು ಹಚ್ಚಿಕೊಟ್ಟರು. ಆಮೇಲೆ ಒಳಗೆ ಬಂದು, ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನ ವಿದ್ಯೆ ಒಬ್ಬರಿಗೆ ಅರ್ಥವಾಯಿತು ಎಂದರು.

ಆ ವಿದ್ಯೆ ಹೇಳುವುದಕ್ಕೆ ಸುಲಭ. ಗೋಂದಿಗೆ ಬಣ್ಣ ಕಲೆಸಬೇಕು. ಅದಕ್ಕೆ ಬೈಕ್ರೋಮೇಟ್ ಎನ್ನುವ ಕಿತ್ತಳೆ ಬಣ್ಣದ ಉಪ್ಪಿನ ನೀರು ಸೇರಿಸಿ, ದಪ್ಪ ಕಾಗದಕ್ಕೆ ತೆಳ್ಳಗೆ ಬಳಿದು ಒಣಗಿಸಬೇಕು. ಮೇಲೆ ನೆಗೆಟಿವ್ ಇಟ್ಟು ನೇರಳಾತೀತ ದೀಪಗಳ ಪೆಟ್ಟಿಗೆಗೆ ತಳ್ಳಬೇಕು. ಬೆಳಕು ತಾಗಿದ ಕಡೆ ಗೋಂದು ಗಟ್ಟಿಯಾಗಿ ಕಾಗದವನ್ನು ಕಚ್ಚಿಕೊಳ್ಳುತ್ತದೆ, ತಾಗದ ಕಡೆ ನೀರಿಗೆ ಬಿಟ್ಟೊಡನೆ ಬಿಟ್ಟುಕೊಳ್ಳುತ್ತದೆ. ಬಣ್ಣದ ಚಿತ್ರ ಬೇಕೆಂದರೆ ಅದೇ ಕಾಗದದ ಮೇಲೆ ಇದೇ ಕೆಲಸ ಮೂರು ಸಲ: ನೀಲಿ, ಕೆಂಪು, ಹಳದಿ. ಕಷ್ಟವಿರುವುದು ಎಷ್ಟು ಹೊತ್ತು ಎನ್ನುವಲ್ಲಿ. ಬೆಳಕು ಕಡಿಮೆಯಾದರೆ ಮುಖ ನೀರಿನಲ್ಲಿ ತೊಳೆದುಹೋಗುತ್ತದೆ. ಹೆಚ್ಚಾದರೆ ಬಣ್ಣ ಬಿಡುವುದೇ ಇಲ್ಲ, ಮುಖದ ಮೇಲೆ ಮುಸುಕು ಹಾಕಿದಂತೆ ಕೂತುಬಿಡುತ್ತದೆ. ಆ ಹೊತ್ತು ಒಂದೊಂದು ಬಣ್ಣಕ್ಕೆ ಒಂದೊಂದು. ಹವೆಯಲ್ಲಿ ತೇವ ಇದ್ದ ದಿನ ಒಂದು, ಇಲ್ಲದ ದಿನ ಇನ್ನೊಂದು.

ಅದಕ್ಕೇ ಪ್ರತಿ ಬಣ್ಣಕ್ಕೂ ಮೊದಲು ಒಂದು ಪಟ್ಟಿ ಮಾಡಿ ನೋಡುತ್ತಿದ್ದರು. ಎರಡು ಬೆರಳಗಲದ ಕಾಗದದ ಚೂರು. ಅದರ ಮೇಲೆ ಇಡಲು ಒಂದು ಸಣ್ಣ ಫಿಲ್ಮು. ಅದರಲ್ಲಿ ಆಟದ ಹಲಗೆಯ ಮನೆಗಳ ಹಾಗೆ ಸಾಲಾಗಿ ಚೌಕಗಳು, ಪೂರ್ತಿ ತಿಳಿಯಿಂದ ಪೂರ್ತಿ ಕಪ್ಪಿನವರೆಗೆ. ನೀರಿನಿಂದ ತೆಗೆದಮೇಲೆ ಎಷ್ಟನೆಯ ಮನೆಯವರೆಗೆ ಬಣ್ಣ ನಿಂತಿದೆ ಎಂದು ಎಣಿಸುವುದು. ಮೇಷ್ಟ್ರ ಲೆಕ್ಕದಲ್ಲಿ ಏಳು ಮನೆ ನಿಂತರೆ ಹದ. ಐದೇ ನಿಂತರೆ ಹೊತ್ತು ಏರಿಸು, ಒಂಬತ್ತು ನಿಂತರೆ ಇಳಿಸು.

ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವಷ್ಟೇ ಸರಳ. ಆದರೆ ಹಿಸುಕುವ ಬೆರಳಿಗೇ ಸ್ಪರ್ಶ ತಪ್ಪಿದರೆ ಏನು ಮಾಡುವುದು?

ಚಿತ್ರಶಾಲೆಯವರು ಕೆಲವು ಮುಖಚಿತ್ರಗಳನ್ನು ವಾಪಸು ತಂದಾಗ ಇದು ಶುರುವಾಯಿತು. ತಂದವನು ನಗುವ ಸ್ವಭಾವದವನು. ಬಾಗಿಲಲ್ಲೇ ಅವಳ ಕೈಗೆ ಕಟ್ಟು ಕೊಟ್ಟು, ಇವರಿಗೆಲ್ಲ ಒಟ್ಟಿಗೇ ಕಾಮಾಲೆ ಬಂದ ಹಾಗಿದೆಯಲ್ಲಮ್ಮ, ಮೇಷ್ಟ್ರಿಗೆ ಹೇಳಿ ಔಷಧಿ ಕೊಡಿಸಿ ಎಂದ. ಅವನಿಗೆ ಈ ಮನೆಯ ಕಥೆ ಗೊತ್ತಿರಲಿಲ್ಲ. ಅವಳು ಬಾಗಿಲು ಹಾಕಿದಳು. ಚೌಕಟ್ಟಿನ ಗಾಜು ಒಡೆದಿದೆಯಂತೆ, ಅದಕ್ಕೇ ತಂದರು ಎಂದು ಮಾವನಿಗೆ ಹೇಳಿದಳು.

ಮಾರನೆಯ ದಿನ ಅವರು ಹಳದಿ ಪಟ್ಟಿ ಎಣಿಸುವಾಗ ಅವಳು ಪಕ್ಕದಲ್ಲಿ ನಿಂತಳು. ಮೂರು ಎಂದರು ಮಾವ. ಬಲ್ಬಿನ ಕೆಳಗೆ ನೋಡುತ್ತಿದ್ದೀರಿ, ಕಿಟಕಿಗೆ ಬನ್ನಿ ಎಂದಳು. ಬಲ್ಬಿನ ಬೆಳಕಿನಲ್ಲಿ ತೆಳು ಹಳದಿ ಯಾರಿಗೂ ಕಾಣುವುದಿಲ್ಲ, ಅದು ಈ ಕೋಣೆಯ ಮೊದಲ ಪಾಠ. ಅವರು ಕಿಟಕಿಗೆ ಹೋದರು, ಪಟ್ಟಿಯನ್ನು ಬೆಳಕಿಗೆ ಓರೆ ಮಾಡಿದರು, ಹುಬ್ಬು ಕೂಡಿಸಿದರು. ಮೂರೇ ಎಂದರು. ಏಳೂ ಮನೆಗಳು ಅವಳ ಮುಂದೆ ಸಾಲಾಗಿ ನಿಂತಿದ್ದವು.

“ನಿನಗೆಷ್ಟು ಕಾಣುತ್ತೆ?”

“ಮೂರೇ ಮಾವ.”

ಯಾಕೆ ಹಾಗೆ ಹೇಳಿದಳೋ ಅವಳಿಗೂ ತಿಳಿಯದು. ಬಾಯಿಂದ ಬಿದ್ದ ಮಾತನ್ನು ಬಗ್ಗಿ ಎತ್ತಿಕೊಳ್ಳಲಾಗಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಮಾವನದು ತಿರುಗುಮುರುಗು. ಕಣ್ಣೊಳಗೇ ಹಳದಿ ಪೊರೆ ಕಟ್ಟಿಕೊಂಡು, ಬಿಳಿಯೂ ಹಳದಿಯೂ ಅವರಿಗೆ ಒಂದೇ ಆಗಿತ್ತು.

ಅಂದಿನಿಂದ ಅವರು ಹಳದಿಗೆ ಹೊತ್ತು ಏರಿಸುವುದು, ಅವಳು ಕದಿಯುವುದು. ಹದಿನಾಲ್ಕು ನಿಮಿಷಕ್ಕೆ ಗಡಿಯಾರ ತಿರುಗಿಸಿ ಅವರು ಕಾಫಿಗೆ ಹೋಗುತ್ತಿದ್ದರು. ಏಳೆಂಟು ನಿಮಿಷಕ್ಕೆ ಅವಳು ಕಾಗದ ತೆಗೆದು ನೀರಿಗೆ ಹಾಕಿ, ಖಾಲಿ ಪೆಟ್ಟಿಗೆಯನ್ನು ಉರಿಯಲು ಬಿಡುತ್ತಿದ್ದಳು. ಚಿತ್ರಗಳು ಸರಿಯಾಗಿಯೇ ಬರುತ್ತಿದ್ದವು. ಚಿತ್ರಶಾಲೆಯವರು ಮತ್ತೆ ಏನೂ ಅನ್ನಲಿಲ್ಲ.

ಹೇಳಬಹುದಿತ್ತು. ಪೊರೆಗೆ ಆಪರೇಷನ್ ಇದೆ. ಆದರೆ ಕಣ್ಣಿನ ವಿಭಾಗ ಇರುವುದು ಅದೇ ಆಸ್ಪತ್ರೆಯಲ್ಲಿ. ಮಾವನ ಮಗನನ್ನು, ಅವಳ ಗಂಡನನ್ನು, ಸೇರಿಸಿದ್ದ ಆಸ್ಪತ್ರೆ. ಅವನು ಹೋಗಿ ಎರಡು ವರ್ಷವಾದರೂ ಮನೆಯ ಮೂವರಲ್ಲಿ ಒಬ್ಬರೂ ಆ ದಾರಿಯ ಬಸ್ಸು ಹತ್ತಿರಲಿಲ್ಲ. ಮಾರುಕಟ್ಟೆಗೂ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಯಾರೂ ಯಾರಿಗೂ ಹೇಳಿ ಮಾಡಿದ್ದಲ್ಲ.

ಅವನಿಗೆ ಆಗಿದ್ದು ಪಿತ್ತಕೋಶದ ಕಾಯಿಲೆ. ಅವನ ಕಣ್ಣಿನ ಬಿಳಿಯಲ್ಲಿ ಹಳದಿ ಕೂತದ್ದನ್ನು ಅವಳು ಮೊದಲು ಕಂಡದ್ದೂ ಇದೇ ಕಿಟಕಿಯಲ್ಲಿ. ಒಂದು ಬೆಳಿಗ್ಗೆ ಪಟ್ಟಿ ಎಣಿಸುತ್ತಿದ್ದವನು ಏನೋ ಕೇಳಲು ತಲೆ ಎತ್ತಿದ. ಸಂಜೆಗಳಲ್ಲಿ, ಬಲ್ಬಿನ ಕೆಳಗೆ, ಅದು ಯಾರಿಗೂ ಕಂಡಿರಲಿಲ್ಲ. ಕೊನೆಯ ವಾರಗಳಲ್ಲಿ ಹಣೆ, ಕೆನ್ನೆ, ಅಂಗೈ ಎಲ್ಲ ಹಳದಿ. ಅವನ ಅಮ್ಮ ಹಾಸಿಗೆಯ ಪಕ್ಕ ಕೂತು ಒದ್ದೆ ಬಟ್ಟೆಯಲ್ಲಿ ಮುಖ ಒರೆಸುತ್ತಿದ್ದರು, ಒರೆಸಿದರೆ ಹೋಗುತ್ತದೇನೋ ಎನ್ನುವ ಹಾಗೆ. ಮನೆಗೆ ಬಂದ ಮೇಲೆ ಅತ್ತೆ ಮಾಡಿದ ಮೊದಲ ಕೆಲಸ ನಡುಮನೆಯ ಹಳದಿ ಪರದೆ ಕಿತ್ತು ಹಸಿರು ಹಾಕಿದ್ದು. ಸೊಸೆ ಅದನ್ನು ಗಮನಿಸಿದ್ದಳು. ಮರೆತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ತಟ್ಟೆ ಎತ್ತುತ್ತಾ ಅತ್ತೆ ಹೇಳಿದರು:

“ಊರವರ ಮುಖವೆಲ್ಲಾ ಮಾಡ್ತೀರಿ. ನನ್ನ ಮಗಂದು ಯಾವಾಗ? ನಾನೂ ಗೋಡೆ ಹತ್ತಿದ ಮೇಲಾ?”

ಮಾವ ಎದ್ದು ಕೋಣೆಗೆ ಹೋಗಿ ಮೇಲಿನ ಹಲಗೆಯಿಂದ ಒಂದು ಚಪ್ಪಟೆ ಡಬ್ಬ ಇಳಿಸಿದರು. ಅದರಲ್ಲಿ ಮೂರು ನೆಗೆಟಿವ್‌ಗಳಿದ್ದವು, ಒಂದು ಕಾಗದವೂ ಇತ್ತು.

ಕಾಗದ ಅವನೇ ಹದ ಮಾಡಿಟ್ಟಿದ್ದು. ಬಿಸಿನೀರಿನಲ್ಲಿ ನೆನೆಸಿ, ಕುಗ್ಗುವಷ್ಟೂ ಕುಗ್ಗಿಸಿ, ಜೆಲಾಟಿನ್ ಹಚ್ಚಿ ಒಣಗಿಸಿದ್ದು. ಮೂಲೆಯಲ್ಲಿ ಅವನ ಹೆಬ್ಬೆರಳಿನ ಒಂದು ಗುರುತು ಉಳಿದಿತ್ತು. ಅವನು ಮಾಡಿದ್ದರಲ್ಲಿ ಉಳಿದದ್ದು ಅದೊಂದೇ ಹಾಳೆ.

ನೆಗೆಟಿವ್‌ಗಳು ಅವನದೇ ಮುಖದವು, ಕಾಯಿಲೆಗೆ ಮುಂಚಿನವು. ಕ್ಯಾಮೆರಾದ ಮುಂದೆ ಮೂರು ಬಣ್ಣದ ಗಾಜುಗಳನ್ನು ಒಂದಾದಮೇಲೊಂದು ಇಟ್ಟು ತೆಗೆಯುವುದು ಕ್ರಮ. ಮೂರೂ ಮುಗಿಯುವವರೆಗೆ ಕೂತವರು ಅಲುಗಾಡಬಾರದು. ಅವನು ಕಲ್ಲಿನ ಹಾಗೆ ಕೂತಿದ್ದ. ಗಾಜು ಬದಲಾಯಿಸುತ್ತಿದ್ದವಳು ಇವಳು. ಮೂರನೆಯದಕ್ಕೆ ಮುಂಚೆ, ಇಷ್ಟು ದೊಡ್ಡ ಮೂಗು ಮೂರು ಸಲ ಬಂದರೆ ಕಾಗದ ಸಾಲುವುದಿಲ್ಲ ಕಣೋ ಎಂದಳು. ಅವನು ನಗಲಿಲ್ಲ. ಆದರೆ ತುಟಿಯ ಒಂದು ಮೂಲೆ ಕೂದಲೆಳೆಯಷ್ಟು ಮೇಲೆ ಹೋಯಿತು. ಫಿಲ್ಮು ತೊಳೆದಾಗ ಮಾವ ನೋಡಿ, ಮೂರನೆಯದು ಅಲುಗಾಡಿದೆ, ತುಟಿ ಹತ್ತಿರ ಹಳದಿ ಅಂಚು ಬರುತ್ತೆ, ಮತ್ತೆ ತೆಗಿ ಎಂದಿದ್ದರು. ಇರ್ಲಿ ಬಿಡಿ ಅಪ್ಪ ಎಂದಿದ್ದ ಅವನು.

ನೀಲಿ ಪದರ ಚೆನ್ನಾಗಿ ಬಂತು. ಕೆಂಪೂ ಬಂತು. ಒಂದೊಂದು ಸಲವೂ ನೆಗೆಟಿವ್‌ನ ಮೂಲೆ ಗುರುತುಗಳು ಕಾಗದದ ಗುರುತಿನ ಮೇಲೆ ಕೂದಲಿನಷ್ಟೂ ತಪ್ಪದೆ ಕೂತವು. ಅವನ ಹದ ಅಷ್ಟು ಗಟ್ಟಿ. ಎರಡು ಬಣ್ಣದಲ್ಲೇ ಮುಖ ಎದ್ದು ಬಂದಿತ್ತು, ನೇರಳೆ ನೆರಳಿನಲ್ಲಿ, ಯಾರೋ ದೂರದಲ್ಲಿ ನಿಂತು ನೋಡುವ ಹಾಗೆ. ಅತ್ತೆ ಕೋಣೆಯ ಬಾಗಿಲವರೆಗೆ ಬಂದು, ಮುಗಿದ ಮೇಲೆ ಕರೀರಿ, ಅರ್ಧಂಬರ್ಧ ನೋಡಲ್ಲ ಎಂದು ಹೋದರು.

ಉಳಿದದ್ದು ಹಳದಿ. ಬೇರೆಯವರು ಹಳದಿಯಿಂದ ಶುರುಮಾಡುತ್ತಾರಂತೆ. ಮೇಷ್ಟ್ರು ಅದನ್ನು ಕೊನೆಗೆ ಇಡುವವರು. ಹಳದಿ ಅಂದರೆ ಉಪ್ಪಿದ್ದ ಹಾಗೆ, ಕೊನೆಗೆ ರುಚಿ ನೋಡಿ ಹಾಕಬೇಕು ಎನ್ನುತ್ತಿದ್ದರು.

ಅವಳು ಎಂದಿನಂತೆ ಹೊತ್ತು ಕದಿಯುವ ಲೆಕ್ಕ ಹಾಕಿಕೊಂಡಿದ್ದಳು. ಹಿಂದಿನ ಸಂಜೆ ಬಣ್ಣದ ಬಟ್ಟಲು ತೊಳೆಯುತ್ತಾ ಮಾವ ಹೇಳಿದರು, ನಾಳೆ ಕಾಫಿ ಗೀಫಿ ಬೇಡ, ಗಡಿಯಾರದ ಹತ್ತಿರ ನಾನೇ ನಿಲ್ಲುತ್ತೇನೆ, ಇದು ನನ್ನ ಮಗನ ಮುಖ ಎಂದು.

ಅವಳ ಬಾಯಲ್ಲಿ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಅವರು ಹದಿನಾಲ್ಕು ನಿಮಿಷ ಕೊಡುತ್ತಾರೆ. ಹದಿನಾಲ್ಕು ಕೊಟ್ಟ ಹಳದಿ ನೀರಿಗೆ ಬಿಡುವುದಿಲ್ಲ, ಹಣೆಯ ಮೇಲೆ, ಕೆನ್ನೆಯ ಮೇಲೆ, ಕಣ್ಣಿನ ಬಿಳಿಯ ಮೇಲೆ ಕೂತುಬಿಡುತ್ತದೆ. ಅತ್ತೆಯನ್ನು ಕರೆಯುತ್ತಾರೆ. ಅತ್ತೆ ಬಂದು ನೋಡುವುದು ಆಸ್ಪತ್ರೆಯ ಹಾಸಿಗೆಯನ್ನು. ಎರಡು ವರ್ಷ ಸುತ್ತು ಹಾಕಿಕೊಂಡು ತಪ್ಪಿಸಿಕೊಂಡದ್ದು ನಡುಮನೆಯ ಗೋಡೆಗೇ ಬಂದು ಕೂರುತ್ತದೆ. ಬೇರೆ ಕಾಗದವಿಲ್ಲ. ಬೆಳಗಾಗುವಷ್ಟರಲ್ಲಿ ಅವಳಿಗೆ ಒಂದೇ ದಾರಿ ಹೊಳೆಯಿತು. ಹೊತ್ತು ಕದಿಯಲಾಗದಿದ್ದರೆ ಉಪ್ಪನ್ನಾದರೂ ಕದಿಯಬಹುದು. ಬೈಕ್ರೋಮೇಟ್ ದ್ರಾವಣಕ್ಕೆ ಅರ್ಧಕ್ಕರ್ಧ ನೀರು ಬೆರೆಸಿದರೆ ಗೋಂದು ಗಟ್ಟಿಯಾಗುವುದು ನಿಧಾನವಾಗುತ್ತದೆ. ಹದಿನಾಲ್ಕು ನಿಮಿಷ ಉರಿದರೂ ಏಳರಷ್ಟೇ ಬೇಯುತ್ತದೆ. ಕಲೆಸುವುದು ಹೇಗೂ ಅವಳ ಕೆಲಸ.

ಬೆಳಿಗ್ಗೆ ಮಾವ ಗಡ್ಡ ಹೆರೆದು ತೊಳೆದ ಅಂಗಿ ಹಾಕಿಕೊಂಡು ಬಂದರು. ಪಟ್ಟಿಯನ್ನು ಅವರೇ ಬಳಿದು, ಒಣಗಿಸಿ, ಬೆಳಕಿಗಿಟ್ಟು, ನೀರಿಗೆ ಹಾಕಿದರು. ಪಟ್ಟಿ ಒಣಗಿದ ಮೇಲೆ ಕಿಟಕಿಗೆ ಹಿಡಿದರು. ಎಂದಿಗಿಂತ ಹೆಚ್ಚು ಹೊತ್ತು ನೋಡಿದರು.

“ಮೂರು,” ಅಂದರು. “ನಿನಗೆ?”

“ಮೂರು ಮಾವ.”

ಏಳು ಇತ್ತು. ಏಳನೆಯದು ತೆಳ್ಳಗೆ, ಆದರೆ ಗಟ್ಟಿಯಾಗಿ ನಿಂತಿತ್ತು. ಅವರು ಹ್ಞೂಂ ಎಂದು, ದ್ರಾವಣ ಕಲೆಸು ಎಂದು ಹೇಳಿ, ಪಟ್ಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಪಟ್ಟಿಗಳನ್ನು ತಂತಿಗೆ ಕ್ಲಿಪ್ಪಿನಲ್ಲಿ ಸಿಕ್ಕಿಸುವುದು ರೂಢಿ. ಜೇಬಿಗೆ ಹಾಕಿಕೊಂಡದ್ದು ಅವಳಿಗೆ ವಿಚಿತ್ರವೆನಿಸಿತು, ಆದರೆ ಕೈಗವಸು ಹಾಕಿಕೊಂಡು ಅಳತೆಯ ಲೋಟ ಎತ್ತಿಕೊಳ್ಳುವ ಗಡಿಬಿಡಿಯಲ್ಲಿ ಅದನ್ನು ಬಿಟ್ಟಳು. ಅವರು ಹೊರಗೆ ಹೋದದ್ದು ಒಳ್ಳೆಯದೇ ಆಯಿತು. ಅರ್ಧ ಲೋಟ ದ್ರಾವಣ ಹೊಯ್ದಳು. ನಲ್ಲಿ ತಿರುಗಿಸಿ ಅಷ್ಟೇ ನೀರು ಹಿಡಿದಳು.

ಆಗ ಅಡುಗೆಮನೆಯಿಂದ ಮಾವನ ಧ್ವನಿ ಕೇಳಿಸಿತು.

“ಇಲ್ಲಿ ನೋಡೇ. ಇದರಲ್ಲಿ ಎಷ್ಟು ಮನೆ ಕಾಣುತ್ತೆ?”

ಅತ್ತೆಯ ಕನ್ನಡಕ ಹುಡುಕುವ ಸದ್ದು. ಅದು ತಲೆಯ ಮೇಲೇ ಇದೆ ಎಂದು ಮಾವ ಹೇಳಿದ್ದು. ಆಮೇಲೆ ಅತ್ತೆ, ಬೇಳೆ ಆರಿಸುವವರ ಹಾಗೆ, ಒಂದೊಂದಾಗಿ ಎಣಿಸಿದರು.

“ಏಳು. ಎಂಟನೇದು ಇದ್ಯೋ ಇಲ್ವೋ ಅನುಮಾನ. ಯಾಕೆ?”

ಹೆಜ್ಜೆಗಳು ವಾಪಸು ಬಂದವು. ಅವಳು ಲೋಟ ಹಿಡಿದುಕೊಂಡೇ ನಿಂತಿದ್ದಳು. ಎಲ್ಲಿ ಇಡಬೇಕೆಂದು ತೋಚಲಿಲ್ಲ.

ಅವರು ಸಿಡುಕುತ್ತಾರೆ ಎಂದುಕೊಂಡಳು. ಸಿಡುಕಲಿಲ್ಲ. ಎತ್ತರದ ಕುರ್ಚಿಯ ಮೇಲೆ ಕೂತು ಪಟ್ಟಿಯನ್ನು ಮೇಜಿನ ಮೇಲಿಟ್ಟು, ಬೆರಳಿನಿಂದ ಅದನ್ನು ನೇರ ಮಾಡಿದರು.

“ಹದಿನಾಲ್ಕು ನಿಮಿಷ ಬೆಂದ ಹಳದಿ ನೀರಲ್ಲಿ ಬಿಡಬೇಕಾದ್ರೆ ರಾತ್ರಿಯಿಡೀ ನೆನೆಸಬೇಕು. ಆದರೂ ಬಿಡೋದು ಸಂಶಯ. ನೀನು ಅರ್ಧ ಗಂಟೆಗೆಲ್ಲಾ ನೀರಿನಿಂದ ತೆಗೀತಿದ್ದೆ. ನನ್ನ ಕಣ್ಣು ಹೋಗಿರಬಹುದು ಕಣಮ್ಮ, ಗಡಿಯಾರ ನೋಡೋ ಬುದ್ಧಿ ಹೋಗಿಲ್ಲ.”

ಅವಳು ನೆಲ ನೋಡಿದಳು.

“ಯಾವತ್ತಿಂದ?”

“ಆ ಮುಖಗಳು ವಾಪಸ್ ಬಂದವಲ್ಲ, ಆವತ್ತಿಂದ.”

“ಹಾಗಾದ್ರೆ ಗಾಜು ಒಡೆದಿರ್ಲಿಲ್ಲ.”

“ಇಲ್ಲ ಮಾವ.”

ಅವರು ಪಟ್ಟಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ತಕ್ಕಡಿ ಹಿಡಿದವನ ಕಣ್ಣು ತಪ್ಪಿದರೆ ಪಕ್ಕದವರು ಹೇಳಬೇಕು, ತಟ್ಟೆ ಒತ್ತಿ ಹಿಡಿಯುವುದಲ್ಲ ಎಂದರು. ಅದನ್ನೂ ಮೆಲ್ಲಗೇ ಹೇಳಿದರು. ಆಮೇಲೆ ಅವರ ನೋಟ ಲೋಟದ ಮೇಲೆ ಬಿತ್ತು.

“ಅದೇನು ಕೈಯಲ್ಲಿ?”

“ಅರ್ಧ ನೀರು.”

ಮಾವನ ಮೀಸೆ ಒಂದು ಕ್ಷಣ ಅಲುಗಿತು. ಅದು ನಗುವೋ ಅಳುವೋ ಹೇಳುವುದು ಕಷ್ಟ.

“ಚೆಲ್ಲು ಅದನ್ನ. ಮೋರಿಗಲ್ಲ, ವಿಷದ ಡಬ್ಬಕ್ಕೆ. ಹೊಸದು ಕಲೆಸು, ಪೂರ್ತಿ ಹದದ್ದು. ಎಷ್ಟು ಹೊತ್ತು ಅಂತ ಇವತ್ತು ನೀನೇ ಹೇಳು.”

ಇಷ್ಟು ದಿನ ಹೊತ್ತು ಅವರದು, ಕಳ್ಳತನ ಮಾತ್ರ ಅವಳದು. ಈಗ ಪೂರ್ತಿ ಹೊತ್ತೂ ಅವಳ ತಲೆಯ ಮೇಲೆ ಬಂತು. ಹೊಸದಾಗಿ ಕಲೆಸಿದಳು. ಮಾವ ಬಳಿದರು, ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ಆಮೇಲೆ ಒಣ ಕುಂಚದಿಂದ ನೇವರಿಸಿದರು. ಕಿತ್ತಳೆ ಬಣ್ಣದ ಕೆಳಗೆ ಮುಖ ಮುಳುಗಿತು. ಒಣಗಿತು. ನೆಗೆಟಿವ್ ಕೂತಿತು. ಪೆಟ್ಟಿಗೆ ಮುಚ್ಚಿ ಮಾವ ಗಡಿಯಾರದ ಗುಂಡಿಯ ಮೇಲೆ ಬೆರಳಿಟ್ಟು ಅವಳ ಕಡೆ ತಿರುಗಿದರು.

ಪಟ್ಟಿ ಏಳು ಮನೆ ತೋರಿಸಿತ್ತು. ಪಟ್ಟಿಗೆ ಕೊಟ್ಟಷ್ಟೇ ಕೊಟ್ಟರೆ ಸರಿ, ಅಂದರೆ ಎಂಟು ನಿಮಿಷ. ಅದು ಅವಳಿಗೆ ಗೊತ್ತಿತ್ತು. ಎಂಟು ಎನ್ನಲು ಬಾಯಿ ತೆರೆದಳು. ಅತ್ತೆ ಎಂಟನೆಯ ಮನೆಯೂ ಅನುಮಾನ ಎಂದಿದ್ದರಲ್ಲ ಎಂಬುದು ನೆನಪಾಯಿತು. ಹೆಚ್ಚಾದರೆ? ಒಂದು ಚೂರು ಹೆಚ್ಚಾದರೂ?

“ಐದು,” ಎಂದಳು.

ಮಾವ ಅವಳನ್ನೇ ನೋಡಿದರು. ಮಾತು ಅವಳದೆಂದು ಒಪ್ಪಿಕೊಂಡ ಮೇಲೆ ಅದರಲ್ಲಿ ಬೆರಳಾಡಿಸುವ ಜಾತಿಯಲ್ಲ ಅವರು. ಐದಕ್ಕೆ ತಿರುಗಿಸಿದರು. ಪೆಟ್ಟಿಗೆಯ ಬಿರುಕಿನಲ್ಲಿ ನೇರಳೆ ಬೆಳಕು ಕಂಡಿತು, ಗಾಳಿಯಾಡಿಸುವ ಫ್ಯಾನು ಗುಂಯ್‌ಗುಟ್ಟಿತು. ಗಂಟೆ ಹೊಡೆದಾಗ ಅವಳು ಬೆಚ್ಚಿಬಿದ್ದಳು.

ಕಾಗದವನ್ನು ಮುಖ ಕೆಳಗೆ ಮಾಡಿ ನೀರಿನ ಮೇಲೆ ತೇಲಿಬಿಟ್ಟರು. ಬಣ್ಣ ತಾನಾಗಿ ಕೆಳಗೆ ಇಳಿಯಬೇಕು, ಮುಟ್ಟುವಂತಿಲ್ಲ, ಎತ್ತಿ ನೋಡುವಂತಿಲ್ಲ. ಹಸಿ ಗೋಂದು ಉಗುರು ತಾಗಿದರೂ ಹರಿದುಬರುತ್ತದೆ. ಕಾಗದದ ಬೆನ್ನು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಅಂಚಿನಿಂದ ಹಳದಿ ಹೊಗೆಯ ಹಾಗೆ ಬಿಟ್ಟುಕೊಳ್ಳತೊಡಗಿತು. ಬಿಡುತ್ತಲೇ ಇತ್ತು. ಬಹಳ ಬೇಗ ಬಿಡುತ್ತಿದೆ ಎನ್ನಿಸಿತು. ಮಾವನಿಗೆ ಅದು ಕಾಣುತ್ತಿರಲಿಲ್ಲ. ನೀರು ಬಣ್ಣಕ್ಕೆ ತಿರುಗಿತೇ ಎಂದು ಕೇಳಿದರು. ತಿರುಗಿತು ಎಂದಳು. ಅವರೇ ಹೋಗಿ ಬಾಗಿಲಲ್ಲಿ ನಿಂತು, ಬಾರೇ ಎಂದು ಹೆಂಡತಿಯನ್ನು ಕರೆದರು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಮಗ ಹೋದಮೇಲೆ ಕೋಣೆಯ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಅವಳು ಕಾಗದದ ಎರಡು ಮೂಲೆ ಹಿಡಿದು ಮಗುಚಿದಳು. ನೀರು ಸೋರಿತು.

ಮುಖ ಇತ್ತು. ಮೂಗು, ಹುಬ್ಬು, ಕಿವಿ ಎಲ್ಲ ಅವನದೇ. ಆದರೆ ಹಳದಿ ಬಹುಪಾಲು ತೊಳೆದುಹೋಗಿತ್ತು. ನೀಲಿ, ಕೆಂಪು ಸೇರಿ ಚಳಿಯಲ್ಲಿ ಬಹಳ ಹೊತ್ತು ನಿಂತವನ ಹಾಗೆ ಕಾಣುತ್ತಿದ್ದ. ಅವಳಿಗೆ ಮೊದಲು ಆದದ್ದು ಸಮಾಧಾನ: ಹಳದಿ ಇಲ್ಲ, ಕಣ್ಣಿನ ಬಿಳಿ ಬಿಳಿಯಾಗಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದರು.

“ಇಷ್ಟು ಬೆಳ್ಳಗೆ ಅವನು ಹುಟ್ಟಿದಾಗಲೂ ಇರ್ಲಿಲ್ಲ,” ಅಂದರು.

ಆಮೇಲೆ ಸೊಸೆಯ ಕಡೆ ತಿರುಗಿದರು.

“ಬಿಸಿಲಲ್ಲಿ ಅಲೆಯೋ ಹುಡುಗ. ಹಳದಿ ಹಾಕ್ಲಿಲ್ವಾ?”

“ಹಾಕಿದೆ ಅತ್ತೆ. ಸ್ವಲ್ಪ.”

“ಯಾಕೆ ಸ್ವಲ್ಪ?”

ಅತ್ತೆ ಅವಳ ಮುಖವನ್ನೂ ಚಿತ್ರವನ್ನು ನೋಡಿದಷ್ಟೇ ನಿಧಾನವಾಗಿ ನೋಡಿದರು. ಅವರಿಗೆ ಅರ್ಥವಾಗಿಬಿಟ್ಟಿತು.

“ನನಗೋಸ್ಕರವಾ? ಅಷ್ಟು ದಿನ ಆ ಮುಖ ಒರೆಸಿದವಳು ನಾನು. ಕಾಗದದ ಮೇಲಿನ ಹಳದಿ ನೋಡಿ ಬಿದ್ದುಹೋಗ್ತೀನಾ?”

“ನೀವು ಪರದೆ ಕಿತ್ತುಹಾಕಿದ್ರಲ್ಲ.”

“ಯಾವ ಪರದೆ?”

“ನಡುಮನೇದು. ಹಳದಿದು. ಆಸ್ಪತ್ರೆಯಿಂದ ಬಂದ ತಕ್ಷಣ.”

“ಹರಿದಿತ್ತು ಕಣೇ,” ಎಂದರು ಅತ್ತೆ. “ಜನ ಬಂದುಹೋಗೋ ಮನೆ, ಹರಿದಿದ್ದು ಎಷ್ಟು ದಿನ ನೇತುಹಾಕಲಿ?”

ಮಾವ ಕೆಮ್ಮಿದರು. ಎರಡು ವರ್ಷ ಒಂದು ಹರಿದ ಪರದೆಗೆ ಹೆದರಿಕೊಂಡಿದ್ದೆ ಎನ್ನುವುದು ಅವಳಿಗೆ ನಾಚಿಕೆಗಿಂತ ಹೆಚ್ಚಾಗಿ ಆಯಾಸ ತಂದಿತು. ಕೂತುಕೊಳ್ಳಬೇಕೆನಿಸಿತು. ಕೂರಲು ಮಾವನ ಕುರ್ಚಿಯೊಂದೇ ಇತ್ತು.

ಅತ್ತೆ ಇನ್ನೂ ಚಿತ್ರವನ್ನೇ ನೋಡುತ್ತಿದ್ದರು. ಏನೋ ಇಲ್ಲ, ಬಣ್ಣ ಮಾತ್ರವಲ್ಲ, ಇವನು ಯಾಕೋ ನನ್ನ ಮೇಲೆ ಮುನಿಸಿಕೊಂಡ ಹಾಗಿದ್ದಾನೆ ಎಂದರು. ಆ ಮಾತು ಕೇಳಿ ಸೊಸೆ ಥಟ್ಟನೆ ಮೂರನೆಯ ನೆಗೆಟಿವ್ ಎತ್ತಿ ಕಿಟಕಿಗೆ ಹಿಡಿದಳು. ತುಟಿಯ ಮೂಲೆ. ನೀಲಿಯಲ್ಲಿ ಅದಿರಲಿಲ್ಲ, ಕೆಂಪಿನಲ್ಲಿರಲಿಲ್ಲ. ಆ ಎರಡಕ್ಕೂ ಅವನು ಕಲ್ಲಿನ ಹಾಗೆ ಕೂತಿದ್ದ. ಅವಳ ಮಾತಿಗೆ ಮೇಲೆ ಹೋದ ತುಟಿ ಇದ್ದದ್ದು ಹಳದಿಯ ನೆಗೆಟಿವ್‌ನಲ್ಲಿ ಮಾತ್ರ. ಅವಳು ಹೆದರಿ ತೊಳೆದುಹಾಕಿದ್ದು ಅದನ್ನೇ.

“ಮಾವ, ಇದರ ಮೇಲೆ ಇನ್ನೊಂದು ಹಳದಿ ಹಾಕಬಹುದಲ್ವಾ?”

“ಉಪ್ಪು ಕಮ್ಮಿಯಾದ್ರೆ ಹಾಕಬಹುದು,” ಎಂದರು ಮಾವ. “ಹೆಚ್ಚಾದ್ರೆ ತೆಗೆಯೋಕಾಗಲ್ಲ. ಕಾಗದ ತಡೆಯುತ್ತಾ?”

“ತಡೆಯುತ್ತೆ. ಅವನೇ ಹದ ಮಾಡಿದ್ದು.”

ಕಾಗದ ಒಣಗಲು ಮಧ್ಯಾಹ್ನವಾಯಿತು. ಮತ್ತೆ ಒಂದು ಪಟ್ಟಿ ಮಾಡಿದರು, ಹವೆ ಬೆಳಗಿನ ಹಾಗಿರಲಿಲ್ಲ. ಈ ಸಲ ಪಟ್ಟಿಯನ್ನು ಮೊದಲು ಅತ್ತೆ ಎಣಿಸಿದರು, ಆಮೇಲೆ ಸೊಸೆ. ಇಬ್ಬರಿಗೂ ಆರೂವರೆ. ಅರ್ಧ ಮನೆ ಅಂತ ಒಂದಿಲ್ಲ ಎಂದು ಮಾವ ತಗಾದೆ ತೆಗೆದರು. ಅದು ನಿಮಗೆ ಕಾಣುವುದಿಲ್ಲ, ಸುಮ್ಮನಿರಿ ಎಂದರು ಅತ್ತೆ. ಹೀಗೆ, ಒಂದು ಮನೆಯಲ್ಲಿ ತಿಂಗಳುಗಟ್ಟಲೆ ಬಚ್ಚಿಟ್ಟಿದ್ದ ಮಾತು ಅರ್ಧ ದಿನದಲ್ಲಿ ಬೈಗುಳಕ್ಕೆ ಬಳಕೆಯಾಗತೊಡಗಿತು.

ಎಂಟೂವರೆ ಎಂದಳು ಸೊಸೆ. ಮಾವ ತಿರುಗಿಸಿದರು.

ಬೆಳಿಗ್ಗೆ ಒಂದು ಭಯವಿದ್ದರೆ ಈಗ ಇನ್ನೊಂದು. ಐದು ಎಂದಾಗ ತಪ್ಪಿದರೂ ದಾರಿಯಿತ್ತು. ಈಗ ಇಲ್ಲ. ನೇರಳೆ ಬೆಳಕು ಉರಿಯುತ್ತಿದ್ದಷ್ಟು ಹೊತ್ತೂ ಅವಳ ಕೈ ಪೆಟ್ಟಿಗೆಯ ಹಿಡಿಯ ಕಡೆಗೆ ತಾನಾಗಿ ಹೋಗುತ್ತಿತ್ತು. ಹೋದಾಗಲೆಲ್ಲ ಅದನ್ನು ಹಿಂದಕ್ಕೆ ತಂದು ಕಂಕುಳಲ್ಲಿ ಅದುಮಿಟ್ಟುಕೊಂಡಳು. ಆರು ನಿಮಿಷ ದಾಟಿತು. ಏಳು ದಾಟಿತು. ಅತ್ತೆ ಅವಳ ತೋಳು ಹಿಡಿದುಕೊಂಡರು, ಅವಳಿಗೆ ಆಸರೆಗೋ ತಮಗೋ. ಗಂಟೆ ಹೊಡೆಯಿತು.

ನೀರಿನಲ್ಲಿ ಈ ಸಲ ಹಳದಿ ಮೆಲ್ಲಗೆ ಬಿಟ್ಟಿತು. ಬಿಡುವುದೇ ಇಲ್ಲವೇನೋ ಎನ್ನುವಷ್ಟು ಮೆಲ್ಲಗೆ. ಎರಡು ಸಲ ನೀರು ಬದಲಾಯಿಸಿದರು. ಕೊನೆಗೆ ಅವಳು ಕಾಗದ ಮಗುಚಿ, ಗಾಜಿನ ಹಲಗೆಯ ಮೇಲೆ ಮಲಗಿಸಿ, ಕಿಟಕಿಯ ಹತ್ತಿರ ತಂದಳು. ಅವನು ಬಿಸಿಲಿನಿಂದ ಒಳಗೆ ಬಂದವನ ಹಾಗಿದ್ದ. ಕಣ್ಣಿನ ಬಿಳಿಯಲ್ಲಿ ಒಂದು ಚೂರು ಹಳದಿ ಇತ್ತು, ಎಲ್ಲರ ಕಣ್ಣಿನಲ್ಲೂ ಇರುವಷ್ಟು. ತುಟಿಯ ಮೂಲೆಯಲ್ಲಿ ಅಂಚು ಕದಲಿತ್ತು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

“ಹೇಗಿದೆ ಅಂತ ಯಾರಾದ್ರೂ ಹೇಳಿ,” ಎಂದರು ಮಾವ.

“ನಗ್ತಿದಾನೆ,” ಎಂದರು ಅತ್ತೆ.

“ಎಲ್ಲಿ?”

ಹಸಿ ಇದೆ, ಮುಟ್ಟಬೇಡಿ ಎಂದು ಹೇಳಿ ಅವಳು ಮಾವನ ಬೆರಳನ್ನು ಹಿಡಿದು ತುಟಿಯ ನೇರಕ್ಕೆ, ತಾಗದಂತೆ, ಗಾಳಿಯಲ್ಲಿ ನಿಲ್ಲಿಸಿದಳು. ಅವರು ಬಗ್ಗಿದರು. ಮೂಗು ಕಾಗದಕ್ಕೆ ತಾಗುತ್ತದೇನೋ ಎನ್ನುವಷ್ಟು ಬಗ್ಗಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು.

“ಕಾಣ್ತು,” ಅಂದರು.

“ಎಷ್ಟು ಮನೆ?” ಎಂದರು ಅತ್ತೆ.

ಮಾವ ನೆಟ್ಟಗಾದರು. ಬೆರಳು ಇನ್ನೂ ಸೊಸೆಯ ಕೈಯಲ್ಲೇ ಇತ್ತು.

“ಒಂದೂ ಇಲ್ಲ,” ಅಂದರು.

ಹೊರಗೆ ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು. ಅವರು ಅಂಗಿಯ ಜೇಬು ತಡವಿ ಬೆಳಗಿನ ಪಟ್ಟಿ ತೆಗೆದು, ಅದನ್ನು ತಂತಿಯ ಮೇಲೆ ಅದರ ಜಾಗಕ್ಕೆ ಸಿಕ್ಕಿಸಿದರು. ಒಂದು ಸಲ ಕ್ಲಿಪ್ಪು ಜಾರಿತು. ಮತ್ತೆ ಸಿಕ್ಕಿಸಿದರು.

“ಆಸ್ಪತ್ರೆ ಕಡೆ ಹೋಗೋ ಬಸ್ಸು,” ಎಂದರು ಅವಳ ಕಡೆ ತಿರುಗದೆ, “ಈಗಲೂ ಬೆಳಿಗ್ಗೆ ಇದೆಯಾ?”

“ಇದೆ ಮಾವ.”

“ಇದನ್ನ ಅಲ್ಲೀವರೆಗೂ ಗೋಡೆಗೆ ಹಾಕಬೇಡಿ. ನಾನು ನೋಡಿಲ್ಲ.”

ಅವಳು ಚಿತ್ರವನ್ನು ಕಿಟಕಿಯಿಂದ ಸ್ವಲ್ಪ ಒಳಗೆ ಸರಿಸಿ, ಒಣಗಲು ಬಿಟ್ಟಳು. ಅತ್ತೆ ಕುರ್ಚಿ ಎಳೆದುಕೊಂಡು ಅದರ ಪಕ್ಕದಲ್ಲಿ ಕೂತರು.